ಸೆಲೆನಿಯಂ ಗುಳಿಗೆ, ಆರ್ಸೆನಿಕ್ ನೀರು: ಚರ್ಮದ ಕ್ಯಾನ್ಸರ್‌ಗೂ ಇವಕ್ಕೂ ಏನು ನಂಟು?

ನಮ್ಮ ಕಾಕಾ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನವರು. ಐದೆಕರೆಯಲ್ಲಿ ತೊಗರಿ, ಸಜ್ಜೆ ಬೆಳೆಯುತ್ತಾರೆ. ಮನೆ ಹಿಂದೆ ಒಂದು ಹಳೇ ಬೋರ್ ಇದೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರ ಅಂಗೈ ನೋಡಿದೆ. ಚರ್ಮದೊಳಗೆ ಸಾಸಿವೆ ಕಾಳು ಹುಗಿದಂತೆ ಗಟ್ಟಿ ಚುಕ್ಕೆಗಳಿದ್ದವು. ಬೆನ್ನ ಮೇಲೆ ಮಳೆಹನಿ ಬಿದ್ದ ಧೂಳಿನ ಹಾಗೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳಿ ಮಚ್ಚೆ.

ಚರ್ಮದ ಡಾಕ್ಟರು ಮೊದಲು ಕೇಳಿದ್ದು ಒಂದೇ ಮಾತು: ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದೀರಿ? ಆಮೇಲೆ ನೀರಿನಲ್ಲಿ ಆರ್ಸೆನಿಕ್ ಇದೆಯಾ ಅಂತ ಪರೀಕ್ಷೆ ಮಾಡಿಸಲು ಹೇಳಿದರು. ಇಂಥ ಚುಕ್ಕೆ ಇರುವವರಲ್ಲಿ ಕೆಲವರಿಗೆ ಮುಂದೆ ಚರ್ಮದ ಕ್ಯಾನ್ಸರ್ ಆಗಬಹುದು, ಕಣ್ಣಿಟ್ಟಿರಿ ಅಂತಲೂ ಎಚ್ಚರಿಸಿದರು.

ಎರಡೇ ವಾರದಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಸೆಲೆನಿಯಂ ಗುಳಿಗೆ ತಿಂದರೆ ಮೈಯಲ್ಲಿನ ಆರ್ಸೆನಿಕ್ ಹೊರಗೆ ಹೋಗುತ್ತದೆ, ಚರ್ಮದ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಅಂತ. ಕಾಕಾ ಒಂದು ಡಬ್ಬಿ ತರಿಸಿದರು. ನನಗೆ ಫೋನ್ ಮಾಡಿ ಕೇಳಿದರು: "ಈ ಗುಳಿಗಿ ತಿಂದ್ರ ಕ್ಯಾನ್ಸರ್ ಬರಂಗಿಲ್ಲಂತಲ್ಲೋ ತಮ್ಮಾ, ಖರೇನಾ?"

ಆ ಸಂದೇಶ ಪೂರ್ತಿ ಸುಳ್ಳಲ್ಲ. ಅದರ ಬುಡದಲ್ಲಿ ನಿಜವಾದ ವಿಜ್ಞಾನ ಇದೆ. ಆದರೆ ಮನುಷ್ಯರ ಮೇಲೆ ಪರೀಕ್ಷೆ ಮಾಡಿ ನೋಡಿದಾಗ ಬಂದ ಉತ್ತರವೇ ಬೇರೆ. ಅದನ್ನು ಬುಡದಿಂದಲೇ ನೋಡೋಣ.

ಲಘು ಖನಿಜ ಅಂದರೆ ಎಷ್ಟು ಲಘು?

ಭತ್ತ ಬೆಳೆಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಯೂರಿಯಾ, ಡಿಎಪಿ ಮೂಟೆಗಟ್ಟಲೆ ಬೇಕು. ಜಿಂಕ್ ಸಲ್ಫೇಟ್ ಕೆಲವೇ ಕೆಜಿ ಸಾಕು. ಆದರೆ ಆ ಕೆಲವು ಕೆಜಿ ಇಲ್ಲದಿದ್ದರೆ ಪೈರು ಕೆಂಪಗಾಗಿ ಕುಂಠಿತವಾಗುತ್ತದೆ. ಕೃಷಿಯವರು ಇದನ್ನು ಲಘು ಪೋಷಕಾಂಶ ಅನ್ನುತ್ತಾರೆ. ನಮ್ಮ ಮೈಗೂ ಹಾಗೆಯೇ ಚೂರೇ ಚೂರು ಬೇಕಾಗುವ ಖನಿಜಗಳಿವೆ. ಸತು, ತಾಮ್ರ, ಅಯೋಡಿನ್, ಸೆಲೆನಿಯಂ ಆ ಗುಂಪಿನವು.

ಭಾರತದಲ್ಲಿ ದೊಡ್ಡವರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸೆಲೆನಿಯಂ ಸಾಕು ಅಂತ ಲೆಕ್ಕ. ಒಂದು ಗ್ರಾಂನಲ್ಲಿ 10 ಲಕ್ಷ ಮೈಕ್ರೋಗ್ರಾಂ ಇರುತ್ತದೆ. ಅಂದರೆ ಚಿಟಿಕೆಯಷ್ಟಾಗುವ ಒಂದು ಗ್ರಾಂ ಸೆಲೆನಿಯಂ ಒಬ್ಬ ಮನುಷ್ಯನಿಗೆ 25,000 ದಿನ, ಸುಮಾರು 68 ವರ್ಷಕ್ಕೆ ಆಗುತ್ತದೆ. ಹೆಚ್ಚುಕಮ್ಮಿ ಇಡೀ ಬದುಕಿಗೆ!

ಆರ್ಸೆನಿಕ್‌ದು ಬೇರೆ ಕಥೆ. ನಮ್ಮ ಹಿರಿಯರು ಪಾಷಾಣ ಅಂತ ಹೇಳುತ್ತಿದ್ದುದು ಇದರ ರೂಪವನ್ನೇ. ಇದು ನಮ್ಮ ಊಟದಲ್ಲಿ ಇರಲೇಬೇಕು ಅನ್ನುವಂಥದ್ದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. 5,000 ಲೀಟರಿನ ಇಪ್ಪತ್ತು ಟ್ಯಾಂಕರ್ ನೀರು ಸಾಲಾಗಿ ನಿಂತಿದೆ ಅಂದುಕೊಳ್ಳಿ. ಅಷ್ಟೂ ನೀರಿಗೆ ಒಂದೇ ಒಂದು ಗ್ರಾಂ ಆರ್ಸೆನಿಕ್ ಬಿದ್ದರೆ ಮಿತಿ ಮುಟ್ಟಿತು. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ನಾಲಿಗೆಗೆ ಅದು ಸುಮ್ನೆ ಸಿಹಿನೀರು.

ಚರ್ಮದೊಳಗೆ ಏನು ಕೆಡುತ್ತದೆ?

ನಮ್ಮ ಮೇಲ್ಚರ್ಮ ಇಟ್ಟಿಗೆಯ ಗೋಡೆಯಂತೆ ಜೀವಕೋಶಗಳ ಸಾಲು. ತಳದ ಸಾಲಿನಲ್ಲಿ ಹೊಸ ಕೋಶ ಹುಟ್ಟುತ್ತಲೇ ಇರುತ್ತದೆ, ಹಳೆಯದು ಮೇಲೆ ಬಂದು ಉದುರುತ್ತದೆ. ತಳದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಬೇಸಲ್ ಸೆಲ್ ಅನ್ನುತ್ತಾರೆ. ಮೇಲಿನ ಚಪ್ಪಟೆ ಕೋಶಗಳದು ಸ್ಕ್ವೇಮಸ್ ಸೆಲ್. ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವುದು ಮೆಲನೋಮ. ಮೂರರಲ್ಲಿ ಬೇಸಲ್ ನಿಧಾನದ್ದು, ಬೇರೆ ಅಂಗಕ್ಕೆ ಹರಡುವುದು ಬಹಳ ಅಪರೂಪ. ಸ್ಕ್ವೇಮಸ್‌ಗೆ ಚಿಕಿತ್ಸೆ ಮಾಡದೆ ಬಿಟ್ಟರೆ ಹರಡಬಹುದು. ಮೆಲನೋಮ ಅಪರೂಪದ್ದು, ಆದರೆ ಬೇಗ ಹರಡುತ್ತದೆ.

ಪ್ರತಿ ಕೋಶದೊಳಗೂ ಡಿಎನ್‌ಎ ಅನ್ನುವ ಎಳೆ ಇದೆ. ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಬಿಸಿಲಿಗೆ, ಹೊಗೆಗೆ, ಕೆಲವು ರಾಸಾಯನಿಕಕ್ಕೆ ಆ ಎಳೆ ದಿನಾ ಹರಿಯುತ್ತಿರುತ್ತದೆ. ಮೈ ದಿನಾ ಹೊಲಿದುಕೊಳ್ಳುತ್ತಿರುತ್ತದೆ. ನಮ್ಮ ಕಡೆ ಅವ್ವಂದಿರು ಕೌದಿ ಹೊಲಿಯುವುದಿಲ್ಲವಾ, ಹರಿದಲ್ಲಿ ತೇಪೆ, ತೇಪೆ ಮೇಲೆ ದಾರ? ಹಾಗೆ. ಹೊಲಿಗೆ ತಪ್ಪಿದ ಕಡೆ 'ಬೆಳೆಯುವುದು ಸಾಕು' ಅನ್ನುವ ಸೂಚನೆಯೇ ಅಳಿಸಿಹೋದರೆ, ಆ ಕೋಶ ನಿಲ್ಲದೆ ಎರಡಾಗಿ, ನಾಲ್ಕಾಗಿ ಬೆಳೆಯುತ್ತದೆ. ಕ್ಯಾನ್ಸರ್ ಅಂದರೆ ಇದೇ.

ನಮ್ಮದು ಕಪ್ಪು ಚರ್ಮ. ಅದರಲ್ಲಿನ ಮೆಲನಿನ್ ಅನ್ನುವ ಬಣ್ಣ ಬಿಸಿಲಿನ ಪೆಟ್ಟನ್ನು ತಡೆಯುತ್ತದೆ. ಅದಕ್ಕೇ ರಾಯಚೂರಿನ ಈ ಬಿಸಿಲಿನಲ್ಲಿ ದುಡಿದರೂ ಬಿಳಿಯರಿಗೆ ಆಗುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಆಗುವುದಿಲ್ಲ. ಆದರೆ ಆಗುವುದೇ ಇಲ್ಲ ಅಂತಲ್ಲ. ನಮ್ಮಲ್ಲಿ ಅದು ಬಿಸಿಲು ಬೀಳದ ಜಾಗದಲ್ಲೂ ಕಾಣುತ್ತದೆ: ಅಂಗಾಲು, ಉಗುರಿನ ಕೆಳಗೆ, ಹಳೇ ಸುಟ್ಟ ಗಾಯದ ಮೇಲೆ. ಸೀರೆಯೊಳಗಿನ ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿ ಸೊಂಟದಲ್ಲಿ ಹುಣ್ಣಾಗಿ, ಅದೇ ಕ್ಯಾನ್ಸರ್ ಆಗಿರುವ ಪ್ರಕರಣಗಳು ಭಾರತದ ಡಾಕ್ಟರುಗಳ ದಾಖಲೆಯಲ್ಲಿವೆ. ಇದು ಅಪರೂಪ, ಆದರೂ ಹೆಣ್ಣುಮಕ್ಕಳಿಗೆ ಗೊತ್ತಿರಲಿ ಅಂತ ಇಲ್ಲಿ ಹೇಳಿದೆ.

ಚಿನ್ನದ ಕಲ್ಲಿನ ಜೊತೆ ಬಂದದ್ದು

ಲಿಂಗಸುಗೂರು ತಾಲೂಕಿನದೇ ಊರು ಹಟ್ಟಿ, ಚಿನ್ನದ ಗಣಿಯ ಊರು. ಅಲ್ಲಿ ಎರಡು ಸಾವಿರ ವರ್ಷದಷ್ಟು ಹಿಂದೆಯೇ ಚಿನ್ನ ತೆಗೆದ ಗುರುತುಗಳಿವೆ. ಇಲ್ಲಿ ಚಿನ್ನ ಒಂಟಿಯಾಗಿ ಸಿಗುವುದಿಲ್ಲ. ಆರ್ಸೆನೋಪೈರೈಟ್ ಅನ್ನುವ ಕಲ್ಲು ಜೊತೆಗಿರುತ್ತದೆ. ಅದರಲ್ಲಿ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಇವೆ. ನೆಲದೊಳಗೆ ನೀರು, ಗಾಳಿ ತಾಗಿ ಆ ಕಲ್ಲು ಸವೆದರೆ ಆರ್ಸೆನಿಕ್ ಅಂತರ್ಜಲಕ್ಕೆ ಇಳಿಯುತ್ತದೆ. ಹಟ್ಟಿ ಸುತ್ತಲಿನ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದೆ. ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಅದರ ಗುರುತುಗಳನ್ನು ಸಂಶೋಧಕರು ದಾಖಲಿಸಿದ್ದಾರೆ. ಅದೂ ಹಳೇ ಚಿನ್ನದ ಗಣಿಯ ಸೀಮೆಯೇ.

ಎಲ್ಲ ಬೋರ್‌ಗಳಲ್ಲೂ ಇದೆ ಅಂತ ಹೆದರಬೇಕಿಲ್ಲ. ಕಲ್ಲಿನ ಪದರ ಎಲ್ಲಿದೆಯೋ ಅಲ್ಲಿ ಮಾತ್ರ. ಒಂದು ಬೋರ್‌ನಲ್ಲಿ ಇದ್ದು ನೂರು ಮಾರು ಆಚೆಯ ಬೋರ್‌ನಲ್ಲಿ ಇಲ್ಲದಿರಬಹುದು.

ಆರ್ಸೆನಿಕ್ ಮಾಡುವ ದೊಡ್ಡ ಕೇಡು ಅಂದರೆ ಹೊಲಿಗೆಯನ್ನೇ ಕೆಡಿಸುವುದು. ಡಿಎನ್‌ಎ ರಿಪೇರಿ ಮಾಡುವ ಕೆಲವು ಪ್ರೋಟೀನುಗಳು ಸತುವಿನ ಅಣುವನ್ನು ಹಿಡಿದುಕೊಂಡು ಕೆಲಸ ಮಾಡುತ್ತವೆ. ಆರ್ಸೆನಿಕ್ ಹೋಗಿ ಸತುವಿನ ಜಾಗದಲ್ಲಿ ಕೂರುತ್ತದೆ. ಸೂಜಿ ಮುರಿದಂತಾಯಿತು. ಅದರ ಜೊತೆ ಮೈಯೊಳಗೆ 'ತುಕ್ಕು' ಹಿಡಿಸುವ ಕಣಗಳನ್ನೂ ಹೆಚ್ಚಿಸುತ್ತದೆ. ಇವು ಡಿಎನ್‌ಎಯನ್ನು ಇನ್ನಷ್ಟು ಹರಿಯುತ್ತವೆ. ಹರಿಯುವುದು ಜಾಸ್ತಿ, ಹೊಲಿಯುವುದು ಕಡಿಮೆ.

ಇದು ಊಹೆಯಲ್ಲ. ತೈವಾನಿನ ನೈರುತ್ಯ ಕರಾವಳಿಯಲ್ಲಿ ಆಳದ ಬಾವಿ ನೀರು ಕುಡಿಯುತ್ತಿದ್ದ 40,421 ಜನರನ್ನು ಪರೀಕ್ಷಿಸಿ 1968ರಲ್ಲಿ ವರದಿ ಮಾಡಿದರು. ನೀರಿನಲ್ಲಿ ಆರ್ಸೆನಿಕ್ ಏರಿದಂತೆ ಚರ್ಮದ ಕ್ಯಾನ್ಸರ್ ಏರಿತ್ತು. ಸಾವಿರಕ್ಕೆ ಹತ್ತು ಜನಕ್ಕೂ ಮೇಲೆ ಇತ್ತು. ಆರ್ಸೆನಿಕ್ ತರುವ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಸ್ಕ್ವೇಮಸ್ ಮತ್ತು ಬೇಸಲ್ ಮಾದರಿಯದು. ಈ ಸ್ಕ್ವೇಮಸ್ ಅನ್ನುವ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸೆಲೆನಿಯಂ ಮೇಲೆ ಭರವಸೆ ಹುಟ್ಟಿದ್ದು ಹೇಗೆ?

ಸ್ವೀಡನ್ನಿನ ಬರ್ಜೀಲಿಯಸ್ 1817ರಲ್ಲಿ ಸೆಲೆನಿಯಂ ಕಂಡುಹಿಡಿದ. ಗ್ರೀಕರ ಚಂದ್ರದೇವತೆಯ ಹೆಸರಿಟ್ಟ. ಬಹಳ ಕಾಲ ಅದಕ್ಕೆ ವಿಷ ಅಂತಲೇ ಹೆಸರಿತ್ತು. ಸೆಲೆನಿಯಂ ಜಾಸ್ತಿ ಇರುವ ನೆಲದ ಹುಲ್ಲು ಮೇಯ್ದ ದನಗಳಿಗೆ ಗೊರಸು ಕಳಚುತ್ತಿತ್ತು, ಬಾಲದ ಕೂದಲು ಉದುರುತ್ತಿತ್ತು. ನಮ್ಮ ದೇಶದಲ್ಲೂ ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರದ ಕಡೆ ಅಂಥ ನೆಲ ಇದೆ.

ಅದರ ಇನ್ನೊಂದು ಮುಖ ಕಂಡದ್ದು ಚೀನಾದಲ್ಲಿ. ಕೆಶಾನ್ ಮತ್ತು ಅಂಥ ಕೆಲವು ಸೀಮೆಗಳಲ್ಲಿ ಮಕ್ಕಳು, ಬಸುರಿಯರು ಹೃದಯ ಸೋತು ಸಾಯುತ್ತಿದ್ದರು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆ. 1970ರ ದಶಕದಲ್ಲಿ ಮಕ್ಕಳಿಗೆ ಸೆಲೆನಿಯಂ ಕೊಟ್ಟಾಗ ಕಾಯಿಲೆ ಇಳಿಯಿತು. ಅದೇ ದಶಕದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮೈಯೊಳಗಿನ 'ತುಕ್ಕು' ಕಣಗಳನ್ನು ತಣಿಸುವ ಒಂದು ಮುಖ್ಯ ಕಿಣ್ವದ ನಡುವೆ ಸೆಲೆನಿಯಂ ಕೂತಿರುತ್ತದೆ. ಇಂಥ ಪದಾರ್ಥಗಳಿಗೇ ಉತ್ಕರ್ಷಣ ನಿರೋಧಕ, ಜನರ ಬಾಯಲ್ಲಿ ಆಂಟಿಆಕ್ಸಿಡೆಂಟ್, ಅನ್ನುವುದು.

ಲೆಕ್ಕ ಸರಳವಾಗಿ ಕಂಡಿತು. ತುಕ್ಕು ಕಣ ಡಿಎನ್‌ಎ ಹರಿಯುತ್ತದೆ. ಸೆಲೆನಿಯಂ ತುಕ್ಕು ತಡೆಯುತ್ತದೆ. ಹಾಗಾದರೆ ಅದು ಕ್ಯಾನ್ಸರನ್ನೂ ತಡೆಯಬೇಕಲ್ಲ?

ವಾಟ್ಸಾಪ್ ಸಂದೇಶದ ಇನ್ನೊಂದು ಬೇರು 1938ರದು. ಅಮೆರಿಕದ ಸೌತ್ ಡಕೋಟಾದಲ್ಲಿ ಇಲಿಗಳಿಗೆ ಸೆಲೆನಿಯಂ ವಿಷ ಏರಿದಾಗ ಕುಡಿಯುವ ನೀರಿಗೆ ಚೂರು ಆರ್ಸೆನಿಕ್ ಹಾಕಿದರು. ಇಲಿಗಳು ಉಳಿದವು! ಆರ್ಸೆನಿಕ್ಕೇ ಸೆಲೆನಿಯಂಗೆ ಮದ್ದಾಗಿತ್ತು. ಪ್ರಾಣಿಗಳ ಪಿತ್ತಜನಕಾಂಗದಲ್ಲಿ ಇವೆರಡೂ ಒಂದಕ್ಕೊಂದು ಅಂಟಿ ಪಿತ್ತರಸದ ಜೊತೆ ಹೊರಗೆ ಹೋಗುತ್ತವೆ ಅಂತ ಆಮೇಲೆ ತಿಳಿಯಿತು. ಆದ್ದರಿಂದ 'ಸೆಲೆನಿಯಂ ಆರ್ಸೆನಿಕ್ಕನ್ನು ಹೊರಹಾಕುತ್ತದೆ' ಅನ್ನುವ ಮಾತಿಗೆ ಒಂದು ತಳ ಇದೆ. ಆದರೆ ಅದು ಇಲಿ, ಮೊಲಗಳಲ್ಲಿ ಕಂಡದ್ದು. ದಿನಾ ಆರ್ಸೆನಿಕ್ ನೀರು ಕುಡಿಯುತ್ತಾ ಮೇಲೊಂದು ಗುಳಿಗೆ ನುಂಗಿದರೆ ಮನುಷ್ಯನ ಚರ್ಮ ಉಳಿಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ.

1,312 ಜನರಿಗೆ ಗುಳಿಗೆ ಕೊಟ್ಟು ನೋಡಿದರು

1983ರಲ್ಲಿ ಅಮೆರಿಕದ ಲ್ಯಾರಿ ಕ್ಲಾರ್ಕ್ ಮತ್ತು ಜೊತೆಗಾರರು ಇದನ್ನು ಸರಿಯಾಗಿ ಪರೀಕ್ಷಿಸಲು ಹೊರಟರು. ಒಮ್ಮೆ ಚರ್ಮದ ಕ್ಯಾನ್ಸರ್ ಆಗಿ ಗುಣವಾದ 1,312 ಜನರನ್ನು ಆರಿಸಿಕೊಂಡರು. ಒಮ್ಮೆ ಆದವರಿಗೆ ಇನ್ನೊಮ್ಮೆ ಆಗುವ ಸಂಭವ ಜಾಸ್ತಿ, ಹಾಗಾಗಿ ಗುಳಿಗೆ ತಡೆಯುತ್ತದೋ ಇಲ್ಲವೋ ಬೇಗ ಗೊತ್ತಾಗುತ್ತದೆ. ಚೀಟಿ ಎತ್ತಿದಂತೆ ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಇರುವ ಗುಳಿಗೆ. ಇನ್ನೊಂದು ಪಾಲಿಗೆ ನೋಡಲು ಹಾಗೇ ಇರುವ, ಸೆಲೆನಿಯಂ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ತಿನ್ನುವವರಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಾದರೆ ಮನಸ್ಸು ತಾನಾಗಿ ಒಂದು ಕಡೆ ವಾಲುತ್ತದೆ, ಅಲ್ವಾ?

1996ರಲ್ಲಿ ಫಲಿತಾಂಶ ಬಂತು. ಚರ್ಮದ ಕ್ಯಾನ್ಸರ್ ಕಡಿಮೆ ಆಗಿರಲಿಲ್ಲ. ಆದರೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ), ಶ್ವಾಸಕೋಶ, ದೊಡ್ಡಕರುಳಿನ ಕ್ಯಾನ್ಸರ್ ಸೆಲೆನಿಯಂ ಪಾಲಿನಲ್ಲಿ ಕಡಿಮೆ ಕಂಡವು. ಸುದ್ದಿಯಾದದ್ದು ಈ ಎರಡನೇ ಮಾತು. ಚರ್ಮಕ್ಕೆ ಅಂತ ಮಾಡಿದ ಪರೀಕ್ಷೆಯಲ್ಲಿ ಚರ್ಮಕ್ಕೆ ಏನೂ ಲಾಭ ಆಗಲಿಲ್ಲ ಅನ್ನುವುದು ಹಿಂದೆ ಸರಿಯಿತು.

2003ರಲ್ಲಿ ಅದೇ ಜನರ ಪೂರ್ತಿ ಅವಧಿಯ ಲೆಕ್ಕ ತೆಗೆದರು. ಸೆಲೆನಿಯಂ ತಿಂದವರಲ್ಲಿ ಸ್ಕ್ವೇಮಸ್ ಕ್ಯಾನ್ಸರ್ ಶೇಕಡಾ 25 ಜಾಸ್ತಿ ಇತ್ತು! ಮೆಲನೋಮ ಬಿಟ್ಟು ಉಳಿದ ಚರ್ಮದ ಕ್ಯಾನ್ಸರ್ ಎಲ್ಲ ಸೇರಿಸಿದರೆ ಶೇಕಡಾ 17 ಜಾಸ್ತಿ.

ಆರ್ಸೆನಿಕ್ ನೀರು ಕುಡಿದವರಲ್ಲಿ ಡಾಕ್ಟರು ಹೆದರುವುದೂ ಇದೇ ಸ್ಕ್ವೇಮಸ್ ಮಾದರಿಗೆ. ಅಮೆರಿಕದ ಆ ಜನ ಬಿಳಿ ಚರ್ಮದವರು, ಅವರ ಕ್ಯಾನ್ಸರ್ ಬಿಸಿಲಿನಿಂದ ಬಂದದ್ದು, ನಮ್ಮದು ನೀರಿನಿಂದ. ಹಾಗಾಗಿ ಆ 25ರ ಅಂಕಿಯನ್ನು ಇದ್ದ ಹಾಗೇ ಲಿಂಗಸುಗೂರಿಗೆ ತರಲು ಬರುವುದಿಲ್ಲ. ಆದರೂ ಚರ್ಮ ಉಳಿಸುತ್ತದೆ ಅಂತ ತಿನ್ನುವ ಗುಳಿಗೆ, ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಚರ್ಮವನ್ನು ಉಳಿಸಲಿಲ್ಲ. ಕಾಕಾಗೆ ನಾನು ಮೊದಲು ಹೇಳಿದ್ದು ಇದನ್ನೇ.

ಉಳಿದ ಕ್ಯಾನ್ಸರ್‌ಗಳ ಮೇಲಿದ್ದ ಆಸೆಯೂ ನಿಲ್ಲಲಿಲ್ಲ. 2001ರಲ್ಲಿ 35,533 ಗಂಡಸರನ್ನು ಸೇರಿಸಿಕೊಂಡು, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದಾ ಅಂತ ಸೆಲೆನಿಯಂ, ವಿಟಮಿನ್ ಇ ಎರಡನ್ನೂ ಪರೀಕ್ಷಿಸಿದರು. ಲಾಭ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು.

ಗಡ್ಡೆ ತಡವಾಗಿ ಬಂತು, ಬಂದ ಮೇಲೆ ಬೇಗ ಬೆಳೆಯಿತು

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ 2013ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಇಲಿಗಳ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಮೈಮೇಲೆ ಹಾಯಿಸಿದರೆ ಮೆಲನೋಮ ಆಗುವಂಥ ಇಲಿಗಳವು. ಅವುಗಳ ಚರ್ಮಕ್ಕೆ ಸೆಲೆನೋಮೆಥಿಯೋನಿನ್ ಅನ್ನುವ ರೂಪದ ಸೆಲೆನಿಯಂ ಹಚ್ಚಿದರು. ಗಡ್ಡೆ ಕಾಣಿಸಿಕೊಳ್ಳುವುದು ತಡವಾಯಿತು. ಆದರೆ ಒಮ್ಮೆ ಕಾಣಿಸಿಕೊಂಡ ಗಡ್ಡೆ, ಹಚ್ಚದ ಇಲಿಗಳ ಗಡ್ಡೆಗಿಂತ ಬೇಗ ಬೆಳೆಯಿತು.

ಹತ್ತಿ ಹೊಲ ನೆನಪಿಸಿಕೊಳ್ಳಿ. ಕಸ ಹುಟ್ಟುವ ಮೊದಲೇ ಗೊಬ್ಬರ ಕೊಟ್ಟು ಗಿಡ ಬಲಿತರೆ ನೆರಳು ಬಿದ್ದು ಕಸ ಏಳುವುದು ಕಷ್ಟ. ಕಸ ಎದ್ದಮೇಲೆ ಯೂರಿಯಾ ಚೆಲ್ಲಿದರೆ? ಹತ್ತಿಯೊಂದೇ ಉಣ್ಣುವುದಿಲ್ಲ. ಕಸವೂ ಉಣ್ಣುತ್ತದೆ, ಹತ್ತಿಗಿಂತ ಮೊದಲೇ ಉಣ್ಣುತ್ತದೆ. ಕ್ಯಾನ್ಸರ್ ಕೋಶವೂ ನಮ್ಮ ಮೈಯ ಕೋಶವೇ. ಭರಭರ ಬೆಳೆಯುವಾಗ ಅದರೊಳಗೂ ತುಕ್ಕು ಕಣ ತುಂಬುತ್ತದೆ, ಅದೇ ಎಷ್ಟೋ ಸಲ ಅದನ್ನು ಕೊಲ್ಲುತ್ತದೆ. ತುಕ್ಕು ತಡೆಯುವ ಮದ್ದು ಒಳ್ಳೆ ಕೋಶ ಯಾವುದು, ಕೆಟ್ಟದ್ದು ಯಾವುದು ಅಂತ ನೋಡುವುದಿಲ್ಲ. ಎರಡನ್ನೂ ಕಾಯುತ್ತದೆ. ಬೇರೆ ಆಂಟಿಆಕ್ಸಿಡೆಂಟ್ ಕೊಟ್ಟ ಇಲಿಗಳಲ್ಲೂ ಮೆಲನೋಮ ಹೆಚ್ಚು ಹರಡಿದ್ದನ್ನು 2015ರಲ್ಲಿ ಸ್ವೀಡನ್ನಿನವರು ತೋರಿಸಿದರು.

2013ರ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇತ್ತು. ಸೆಲೆನಿಯಂನ ಬೇರೆಯದೇ ರೂಪವೊಂದನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟಾಗ, ಇಲಿಗಳಲ್ಲಿ ನಾಟಿದ್ದ ಮನುಷ್ಯರ ಮೆಲನೋಮ ಗಡ್ಡೆ ಸಣ್ಣದಾಯಿತು. ಅಂದರೆ ರೂಪ ಬದಲಾದರೆ ಕೆಲಸವೂ ಬದಲಾಗುತ್ತದೆ. ಒಂದು ರೂಪದ ಆರ್ಸೆನಿಕ್ ಇವತ್ತು ಒಂದು ಜಾತಿಯ ರಕ್ತದ ಕ್ಯಾನ್ಸರ್‌ಗೆ ಔಷಧಿ, ಆಸ್ಪತ್ರೆಯಲ್ಲಿ ಅಳೆದು ಕೊಡುತ್ತಾರೆ. ಹಾಗಂತ ಆರ್ಸೆನಿಕ್ ಬೋರ್ ನೀರು ಔಷಧಿ ಆಗುವುದಿಲ್ಲವಲ್ಲ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಸೆಲೆನಿಯಂ ಮಾತೂ ಅಷ್ಟೇ.

ಕಾಲುವೆಯ ಮೇಲ್ಭಾಗ, ಕೆಳಭಾಗ

ಚೀನಾದಲ್ಲಿ ಮಕ್ಕಳನ್ನು ಉಳಿಸಿದ ಸೆಲೆನಿಯಂ ಅಮೆರಿಕದಲ್ಲಿ ಯಾಕೆ ಕೈಕೊಟ್ಟಿತು? ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಾನ್ವಿ, ಸಿರವಾರದ ಕೆಳಭಾಗದ ರೈತ ಒಂದು ಸರದಿ ನೀರಿಗೆ ರಸ್ತೆ ತಡೆಯುತ್ತಾನೆ. ಅವನ ಹೊಲಕ್ಕೆ ಅದು ಅಮೃತ. ಮೇಲ್ಭಾಗದಲ್ಲಿ ವರ್ಷವರ್ಷ ನೀರು ನಿಂತು ಭೂಮಿ ಸವಳು-ಜವಳಾಗಿದೆ. ಅಲ್ಲಿಗೆ ಇನ್ನಷ್ಟು ನೀರು ಬಿಟ್ಟರೆ ಬೆಳೆ ಬರುವುದಿಲ್ಲ, ಉಪ್ಪು ಏಳುತ್ತದೆ. ನೀರು ಅದೇ. ಹೊಲದಲ್ಲಿ ಮೊದಲೇ ಎಷ್ಟಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕ್ಲಾರ್ಕ್ ಅವರ ಪರೀಕ್ಷೆಯಲ್ಲೂ ಇದು ಕಂಡಿತು. ರಕ್ತದಲ್ಲಿ ಮೊದಲೇ ಸೆಲೆನಿಯಂ ಕಡಿಮೆ ಇದ್ದವರಿಗೆ ಒಟ್ಟಾರೆ ಕ್ಯಾನ್ಸರ್ ವಿಷಯದಲ್ಲಿ ಲಾಭ ಕಂಡಿತ್ತು. ಜಾಸ್ತಿ ಇದ್ದವರಲ್ಲಿ ಕಾಣಲಿಲ್ಲ. ಅದೇ ಪರೀಕ್ಷೆಯ ಸೆಲೆನಿಯಂ ಪಾಲಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿಗೆ ಆದದ್ದನ್ನೂ 2007ರಲ್ಲಿ ವರದಿ ಮಾಡಿದರು.

ನಮ್ಮ ಊಟದಲ್ಲಿ ಸೆಲೆನಿಯಂ ಮೊಟ್ಟೆ, ಮೀನು, ಮಾಂಸ, ಬೇಳೆಕಾಳು, ಕಾಳು ಕಡ್ಡಿಯಿಂದ ಬರುತ್ತದೆ. ಬೆಳೆಯಲ್ಲಿ ಎಷ್ಟಿರುತ್ತದೆ ಅನ್ನುವುದನ್ನು ಮಣ್ಣು ತೀರ್ಮಾನಿಸುತ್ತದೆ. 200 ಮೈಕ್ರೋಗ್ರಾಂನ ಗುಳಿಗೆ ಅಂದರೆ ಐದು ದಿನದ ಪಾಲು ಒಂದೇ ದಿನ. ವರ್ಷಗಟ್ಟಲೆ ಜಾಸ್ತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ವಾಸನೆ ಬರುತ್ತದೆ. ತಲೆಹೊಟ್ಟಿನ ಕೆಲವು ಶಾಂಪೂಗಳಲ್ಲೂ ಸೆಲೆನಿಯಂ ಸಲ್ಫೈಡ್ ಇರುತ್ತದೆ. ಅದು ಹಚ್ಚಿ ತೊಳೆಯುವುದು, ಅದರ ಬಗ್ಗೆ ಗಾಬರಿ ಬೇಡ.

ಅಂಗೈಯಲ್ಲಿ ಚುಕ್ಕೆ ಇದ್ದರೆ

ಎಲ್ಲ ಗಟ್ಟಿ ಚುಕ್ಕೆಯೂ ಆರ್ಸೆನಿಕ್ ಅಲ್ಲ. ಸಲಿಕೆ, ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುತ್ತದೆ, ಕಾಲಿಗೆ ಆಣಿ ಆಗುತ್ತದೆ. ಅವು ಒತ್ತಡ ಬೀಳುವ ಕಡೆ ಇರುತ್ತವೆ. ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಹರಡಿಕೊಂಡ ಸಣ್ಣ ಸಣ್ಣ ಗಂಟು, ಜೊತೆಗೆ ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೇ ಇದ್ದರೆ ನೀರಿನ ಮೇಲೆ ಅನುಮಾನ ಪಡಬೇಕು. ಇದು ಕಾಣಿಸಿಕೊಳ್ಳಲು ಹಲವು ವರ್ಷ ಹಿಡಿಯುತ್ತದೆ.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಜಿಲ್ಲೆಯಲ್ಲೇ ಇದೆ. ಅಲ್ಲಿ ನೀರು ಕೊಡುವಾಗ 'ಆರ್ಸೆನಿಕ್ ನೋಡಿ' ಅಂತ ಬಾಯಿಬಿಟ್ಟು ಹೇಳಬೇಕು. ಫ್ಲೋರೈಡ್, ಗಡಸುತನ ಸರಿಯಿದೆ ಅಂದರೆ ಆರ್ಸೆನಿಕ್ ಇಲ್ಲ ಅಂತ ಅರ್ಥವಲ್ಲ.

ನೀರು ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಆರ್ಸೆನಿಕ್ ಅಷ್ಟೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಲೋರಿನ್ ಹಾಕಿದರೂ ಹೋಗುವುದಿಲ್ಲ. ಆರ್‌ಒ ಘಟಕ ಬಹುಪಾಲು ತೆಗೆಯುತ್ತದೆ, ಆದರೆ ಅದರಿಂದ ಹೊರಬರುವ ನೀರನ್ನೂ ಒಮ್ಮೆ ಪರೀಕ್ಷಿಸಬೇಕು. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ, ಬೇಳೆ ಬೇಯಿಸಲೂ ಒಳ್ಳೆ ನೀರೇ ಬೇಕು, ಯಾಕೆಂದರೆ ಅನ್ನ ನೀರನ್ನು ಹೀರಿಕೊಳ್ಳುತ್ತದೆ. ಸ್ನಾನಕ್ಕೆ, ಬಟ್ಟೆಗೆ ಹಳೇ ಬೋರ್ ನೀರು ಬಳಸಿದರೆ ಹೆಚ್ಚಿನ ತೊಂದರೆಯಿಲ್ಲ. ಚರ್ಮದ ಮೂಲಕ ಒಳಗೆ ಹೋಗುವುದು ಬಹಳ ಕಡಿಮೆ.

ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು, ಬೇಗ ಬೇಗ ದೊಡ್ಡದಾಗುವ ಚುಕ್ಕೆ, ಅಂಗಾಲಿನಲ್ಲಿ ಅಥವಾ ಉಗುರಿನ ಕೆಳಗೆ ಹೊಸದಾಗಿ ಮೂಡಿದ ಕಪ್ಪು ಗೆರೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸಣ್ಣದಿದ್ದಾಗ ಕತ್ತರಿಸಿ ನಾಲ್ಕು ಹೊಲಿಗೆ ಹಾಕಿದರೆ ಸ್ಕ್ವೇಮಸ್, ಬೇಸಲ್ ಎರಡೂ ಬಹಳ ಮಟ್ಟಿಗೆ ಗುಣವಾಗುತ್ತವೆ.

ಕಾಕಾ ಈಗ ಗುಳಿಗೆ ಬಿಟ್ಟಿದ್ದಾರೆ. ಕುಡಿಯಲು, ಅಡುಗೆಗೆ ಹೊಳೆ ನೀರು ತರುತ್ತಿದ್ದಾರೆ. ನೀರು ಬದಲಾಯಿಸಿದರೆ ಬಣ್ಣದ ಮಚ್ಚೆ ನಿಧಾನವಾಗಿ ಮಾಸಬಹುದು, ಅಂಗೈಯ ಗಂಟುಗಳು ಮಾತ್ರ ಹಾಗೇ ಉಳಿಯಬಹುದು, ಕ್ಯಾನ್ಸರ್‌ನ ಸಂಭವವೂ ಹಲವು ವರ್ಷ ಇರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೇ ತಿಂಗಳಿಗೊಮ್ಮೆ ಮನೆಯಲ್ಲೇ ಮೈಯೆಲ್ಲ ನೋಡಿಕೊಳ್ಳಬೇಕು, ವರ್ಷಕ್ಕೊಮ್ಮೆ ಆಸ್ಪತ್ರೆಗೆ ಬರಬೇಕು. ಅಂಗೈ, ಅಂಗಾಲು ಕಾಕಾ ತಾವೇ ನೋಡಿಕೊಳ್ಳುತ್ತಾರೆ. ಬೆನ್ನು ಕಾಕಿ ನೋಡುತ್ತಾರೆ.